ಅಲುಗಾಡದ ಅಲಗು

ನಜೀರ್ ಅಹ್ಮದ್ ಬೆಳಿಗ್ಗೆ ನಾಟಕದ ತಾಲೀಮಿನ ಕೊಟ್ಟಿಗೆಗೆ ಬಂದವರೇ ಹಾರ್ಮೋನಿಯಂ ಮುಂದೆ ಕೂತು ತಿದಿ ಒತ್ತಿದರು. ಸ್ವರ ಹೊರಡಲಿಲ್ಲ. ಬುಸ್ಸೆಂದು ಗಾಳಿ ಮಾತ್ರ ಹೊರಟಿತು. ಬಗ್ಗಿ ನೋಡಿದರು. ತಿದಿಯ ತೊಗಲು ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಪಕ್ಕದಲ್ಲೇ ಜಿಂಕೆ ಕೊಂಬಿನ ಹಿಡಿಯ ಮಡಚುವ ಚಾಕೊಂದು ಬಿದ್ದಿತ್ತು.

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆ. ಅಂದು ಸಂಜೆಯೇ ಮಳವಳ್ಳಿಯಲ್ಲಿ ಊರವರ ನಾಟಕ. ಪೇಟಿಯಿಲ್ಲದೆ ನಾಟಕವೆಲ್ಲಿಂದ ಬಂತು?

ಪೊಲೀಸ್ ದಫೇದಾರ್ ಕರಿಸಿದ್ದಯ್ಯ ಕೊಟ್ಟಿಗೆಗೆ ಬರುವ ಹೊತ್ತಿಗೆ ಊರೇ ತೀರ್ಪು ಕೊಟ್ಟಾಗಿತ್ತು.

"ಚಾಕು ಮಜೀದಂದು," ಎಂದರು ಪೇಟಿ ಮೇಷ್ಟ್ರು ನಜೀರ್ ಅಹ್ಮದ್. "ನಿನ್ನೆ ತಾಳ ತಪ್ಪಿದ್ದಕ್ಕೆ ಎಲ್ಲರ ಮುಂದೆ ಬೈದಿದ್ದೆ. ಸೇಡು ತೀರಿಸ್ಕೊಂಡ. ಇವನಿಗೆ ಮಗಳು ಕೊಡೋನಲ್ಲ ನಾನು. ಮದುವೆ ಮುರೀತು!"

ತಬಲ ನುಡಿಸುವ ಮಜೀದನ ಮುಖ ಬಿಳಚಿಕೊಂಡಿತ್ತು. ಮೇಷ್ಟ್ರ ಮಗಳು ನೂರುನ್ನೀಸಾ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. "ಚಾಕು ನಂದೇ ದಫೇದಾರ್ರೇ. ಆದ್ರೆ ಮೊನ್ನೆ ಇಲ್ಲೇ ಎಲ್ಲೋ ಬಿದ್ದೋಯ್ತು. ನಾನು ಕುಯ್ದಿಲ್ಲ."

ಯಾರೂ ನಂಬಲಿಲ್ಲ. ರಾಜಪಾರ್ಟಿನ ಅಪ್ಪಾಜಿ ಮಾತ್ರ ಅವನ ಪರ ನಿಂತ. ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡವನು ಅವನು. "ಮಜೀದ ಅಂಥೋನಲ್ಲ ಕಣಣ್ಣ. ಪೂರಿಗಾಲಿ ನಾಟ್ಕದೋರು ಒಟ್ಟೆಕಿಚ್ಚಿಗೆ ಮಾಡಿರ್ತಾರೆ. ಓಗ್ಲಿ, ಕೇಸು ಗೀಸು ಬ್ಯಾಡ. ನಾಟ್ಕವ ಮುಂದಿನ್ ತಿಂಗ್ಳು ಆಡನ ಬುಡಿ."

ಕರಿಸಿದ್ದಯ್ಯ ಬಗ್ಗಿ ಚಾಕು ಎತ್ತಿಕೊಂಡ. ಅವನ ಕಣ್ಣೆಲ್ಲ ಚಾಕುವಿನ ಮೇಲೇ ಇತ್ತು. ಸಡಿಲವಾದ ಮಡಚು ಚಾಕು ಕಂಡರೆ ಬಿಡದ ಹುಚ್ಚು ಅವನಿಗೆ. ರಜೆ ಸಿಕ್ಕಿತೆಂದರೆ ಸಾಕು, ಸುತ್ತಿಗೆ, ಅರ ಹಿಡಿದು ಜಗುಲಿಯಲ್ಲಿ ಕೂತುಬಿಡುತ್ತಿದ್ದ. "ಇವ್ರಿಗೆ ಹೆಣ್ ಕೊಡೋ ಬದ್ಲು ನಮ್ಮಪ್ಪ ಒಂದು ಕುಲುಮೆ ಆಕ್ಕೊಡ್ಬೇಕಿತ್ತು," ಎಂದು ಹೆಂಡತಿ ಮಲ್ಲಿಗಮ್ಮ ರೇಗಿಸುತ್ತಿದ್ದಳು.

ಅವನು ಚಾಕು ಬಿಚ್ಚಿದ. ಅಲಗಿನ ತುದಿ ಹಿಡಿದು ಅತ್ತಿತ್ತ ಅಲುಗಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಮಡಚಿದ. ಅಲಗು ಹಿಡಿಯ ನಟ್ಟನಡುವೆ ಹೋಗಿ ಕೂತಿತು. ಆದರೆ ಅಲಗಿನ ಎಡಗೆನ್ನೆಯ ಮೇಲೆ ಉದ್ದಕ್ಕೂ ಉಜ್ಜಿದ ಹಳೇ ಗೆರೆಯಿತ್ತು, ಹಿಂದೆ ವಾಲಿ ಹಿಡಿಗೆ ತಾಗುತ್ತಿದ್ದ ಗುರುತು.

"ಮಜೀದ, ಇದ್ನ ಯಾರ ತಾವ ರಿಪೇರಿ ಮಾಡಿಸ್ದೆ?"

"ರಿಪೇರಿಯಾ? ಅದು ಮುದುಕನ ಹಲ್ಲಿನಂಗೆ ಅಲ್ಲಾಡ್ತಿತ್ತಲ್ಲ ಸಾರ್!"

ಸೇರಿದ್ದವರು ನಕ್ಕರು. ಕರಿಸಿದ್ದಯ್ಯ ನಗಲಿಲ್ಲ.

* * *

ಮೊದಲು ಪೂರಿಗಾಲಿಯವರ ವಿಚಾರ ತೆಗೆದ. ಅವರ ತಂಡ ಹಿಂದಿನ ದಿನವೇ ಮದ್ದೂರಿಗೆ ನಾಟಕವಾಡಲು ಹೋಗಿ ಇನ್ನೂ ವಾಪಸು ಬಂದಿರಲಿಲ್ಲ. ಆ ದಾರಿ ಅಲ್ಲಿಗೇ ಮುಗಿಯಿತು.

ಆಮೇಲೆ ಮೇಷ್ಟ್ರ ಮನೆಗೆ ಹೋದ. ನೂರುನ್ನೀಸಾ ಬಾಗಿಲ ಪರದೆಯ ಹಿಂದೆ ನಿಂತು ಮಾತಾಡಿದಳು. ಅತ್ತು ಅತ್ತು ದನಿ ಕಟ್ಟಿತ್ತು.

"ಮಜೀದನ ಚಾಕು ನೀನು ನೋಡಿದ್ಯೇನಮ್ಮ?"

"ನೋಡಿದೀನಿ. ಮೊನ್ನೆ ಮಧ್ಯಾಹ್ನ ಇಲ್ಲೇ ಕಬ್ಬು ಸಿಗಿಯೋಕೆ ಹೋದ್ರು. ಅಲಗು ವಾಲಿ ಬೆರಳು ಕುಯ್ಕೊಂಡ್ರು. ಬಟ್ಟೆ ಕಟ್ಟಿದ್ದು ನಮ್ಮ ಅಮ್ಮಾನೇ."

"ಅವತ್ತು ಅಲ್ಲಾಡ್ತಿತ್ತಾ?"

"ಚೆನ್ನಾಗೇ ಅಲ್ಲಾಡ್ತಿತ್ತು. ಬೇರೆ ತಗೊಳ್ಳಿ ಅಂದ್ರೆ, ಅಜ್ಜನ ಚಾಕು ಅಂತ ಕೇಳ್ಲಿಲ್ಲ." ಆಮೇಲೆ ಕೇಳಿದಳು: "ದಫೇದಾರ್ರೇ, ಅವರು ಮಾಡಿಲ್ಲ ಅಲ್ವಾ?"

"ನೀನು ಮೊದ್ಲು ಉಂಡು ಮಲಿಕೊ ಕಣಮ್ಮ," ಎಂದು ಕರಿಸಿದ್ದಯ್ಯ ಹೊರಟ. ಅವನ ಹೆಜ್ಜೆ ಈಗ ಹಗುರಾಗಿತ್ತು.

ದಾರಿಯಲ್ಲಿ ನಿಂತು ಚಾಕುವಿನ ಸಂದಿಯನ್ನು ಬಿಸಿಲಿಗೆ ಹಿಡಿದ. ಉಳಿದ ಮೊಳೆಗಳೆಲ್ಲ ಹಿತ್ತಾಳೆಯವು. ಅಲಗಿನ ಕೀಲಿನದು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಕೀಲಿನ ಎಡಮಗ್ಗುಲಲ್ಲಿ ತೆಳ್ಳನೆ ತಗಡಿನ ಬಿಲ್ಲೆ. ಅದರ ಅಂಚಿನಲ್ಲಿ ಹಸಿರು ಬಣ್ಣ.

* * *

"ಅಪ್ಪಾಜಿ, ಮಜೀದನ ಚಾಕುವ ಈಚೆಗೆ ನೋಡಿದ್ಯೇನ್ಲಾ?" ಕರಿಸಿದ್ದಯ್ಯ ನೆಟ್ಟಗೆ ಸೈಕಲ್ ಅಂಗಡಿಗೆ ಬಂದು ಕೇಳಿದ.

"ಇಲ್ಲ ಕಣಣ್ಣ. ಇವತ್ ಬೆಳಿಗ್ಗೆ ನಿಮ್ಮ ಕೈಲಿ ನೋಡಿದ್ದೇ."

"ಸರಿ ಬುಡು. ಇದು ನನ್ನ ಚಾಕು. ಅಲಗು ಎಡಕ್ಕೆ ವಾಲ್ತದೆ. ಎಷ್ಟು ಬಡಿದ್ರೂ ಮಧ್ಯಕ್ಕೆ ನಿಲ್ತಿಲ್ಲ. ನಿನ್ ಕೈಲಾಯ್ತದಾ?"

ಕೆಲಸದ ಮಾತು ಬಂದರೆ ಅಪ್ಪಾಜಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. "ಬಡಿದ್ರೆ ಬಿಗಿಯಾಯ್ತದೆ, ನೆಟ್ಟಗಾಗಾಕಿಲ್ಲ ಕಣಣ್ಣ. ಕೊಡಿ ಇಲ್ಲಿ."

ಹಳೇ ಮೊಳೆಯ ತಲೆ ಅರದಿಂದ ಉಜ್ಜಿ ಹೊರಗೆ ತಳ್ಳಿದ. ಖಾಲಿ ನಶ್ಯದ ಡಬ್ಬಿ ಕತ್ತರಿಸಿ ಬಿಲ್ಲೆ ಮಾಡಿದ. ಅಲಗು ವಾಲುವ ಮಗ್ಗುಲಿಗೆ ಅದನ್ನು ಕೊಟ್ಟ. ಸೈಕಲ್ ಸ್ಪೋಕಿನ ತುಂಡು ತೂರಿಸಿದ. ಕೀಲು ತೀರ ಬಿಗಿಯಾಗದಂತೆ ಕಾಗದದ ಚೂರೊಂದನ್ನು ಸಂದಿಗೆ ಸಿಕ್ಕಿಸಿ, ಪುಟ್ಟ ಸುತ್ತಿಗೆಯಿಂದ ಮೊಳೆಯ ತಲೆಯ ಸುತ್ತ ಮೆಲ್ಲಗೆ ತಟ್ಟಿದ. ಕಾಗದ ಎಳೆದು, ಹನಿ ಎಣ್ಣೆ ಬಿಟ್ಟು, ಬಿಚ್ಚಿ ಮಡಚಿ ತೋರಿಸಿದ. ಅಲಗು ಅಲುಗಲಿಲ್ಲ. ನಟ್ಟನಡುವೆ ಕೂತಿತು.

"ಭೇಷ್!" ಎಂದ ಕರಿಸಿದ್ದಯ್ಯ, ಮನಸಾರೆ. ಆಮೇಲೆ ಮಜೀದನ ಚಾಕುವನ್ನೂ ತೆಗೆದು ಅದರ ಪಕ್ಕ ಇಟ್ಟ. ಅದೇ ಸ್ಪೋಕು. ಅದೇ ಹಸಿರು ನಶ್ಯದ ಡಬ್ಬಿ.

ಅಪ್ಪಾಜಿಯ ಕೈಯಿಂದ ಸುತ್ತಿಗೆ ಜಾರಿತು.

"ತಿದಿಯ ಸೀಳು ದಾರ ಹಿಡಿದಂಗೆ ನೆಟ್ಟಗದೆ ಕಣ್ಲಾ," ಎಂದ ಕರಿಸಿದ್ದಯ್ಯ. "ಸಡಿಲ ಅಲಗು ತೊಗಲಲ್ಲಿ ಅಡ್ಡಾದಿಡ್ಡಿ ಓಡ್ತದೆ. ಅಂದ್ರೆ ಕುಯ್ಯೋಕೆ ಮುಂಚೇನೇ ಚಾಕು ರಿಪೇರಿ ಆಗಿತ್ತು. ಮೊನ್ನೆ ಮಧ್ಯಾಹ್ನದವರ್ಗೂ ಅಲ್ಲಾಡ್ತಿತ್ತು ಅಂತ ಆ ಹುಡ್ಗಿ ಹೇಳ್ತು. ಬಿದ್ದೋದ ಮೇಲೆ ಸರಿ ಮಾಡ್ದೋನು ಯಾರೋ, ಅವ್ನ ತಾವೇ ಚಾಕು ಇತ್ತು. ನೋಡೇ ಇಲ್ಲ ಅಂತ ಸುಳ್ಳು ಯಾಕಂದೆ?"

ಅಪ್ಪಾಜಿ ಸ್ಟೂಲಿನ ಮೇಲೆ ಕುಕ್ಕರಿಸಿದ. ದೊಡ್ಡ ಮೀಸೆಯ ಆಳು ಕಣ್ಣಲ್ಲಿ ನೀರು ತಂದುಕೊಂಡ.

"ಕೊಟ್ಟಿಗೇಲಿ ಸಿಕ್ತು ಕಣಣ್ಣ. ಸರಿ ಮಾಡಿ ಕೊಟ್ರೆ ಮಜೀದ ಕುಸಿ ಪಡ್ತಾನೆ ಅಂತ ಮಾಡ್ದೆ. ಆದ್ರೆ ನಂಗೆ ಒಂದು ಹಾಡೂ ಬಾಯಿಗೆ ಬಂದಿಲ್ಲ. ಮದ್ದೂರಿಂದ ನಮ್ಮತ್ತೆ ಚಿಕ್ಕಬೋರಮ್ಮ ಗಾಡಿ ತುಂಬ ಜನ ಕಟ್ಕೊಂಡು ಬತ್ತಾವ್ಳೆ. ಕೋಗಿಲೆ ಇದ್ದಂಗೆ ಹಾಡ್ತೀನಿ ಅಂತ ಹೇಳ್ಬುಟ್ಟಿವ್ನಿ. ನಾಟ್ಕ ನಿಂತ್ರೆ ಮಾನ ಉಳೀತದೆ ಅಂತ ನಿನ್ನೆ ರಾತ್ರಿ ಕುಯ್ದುಬುಟ್ಟೆ. ಯಾರೋ ಕೆಮ್ಮಿದ್ರು, ಚಾಕು ಅಲ್ಲೇ ಬಿಟ್ಟು ಓಡ್ದೆ. ಮಜೀದನ ತಲೆಗೆ ಬಂದಾಗ ಬಾಯಿ ಬಿಡಾಕೆ ಧೈರ್ಯ ಬರ್ನಿಲ್ಲ."

* * *

ಕೊಟ್ಟಿಗೆಯಲ್ಲಿ ಎಲ್ಲರೆದುರು ಅಪ್ಪಾಜಿ ಅದನ್ನೇ ಮತ್ತೆ ಹೇಳಿದ.

"ಹೇಳು ಮಜೀದ, ಕೇಸು ಹಾಕ್ಲಾ?" ಕರಿಸಿದ್ದಯ್ಯ ಕೇಳಿದ.

ಮಜೀದ್ ಚಾಕುವನ್ನು ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ಅಜ್ಜನ ಕಾಲದಲ್ಲೂ ಅದು ಇಷ್ಟು ಚೆನ್ನಾಗಿರಲಿಲ್ಲವೇನೋ. "ಕೇಸು ಬ್ಯಾಡ ಸಾರ್. ಆದ್ರೆ ಸಂಜೆ ಅವ್ನು ಹಾಡ್ಲೇಬೇಕು. ಅತ್ತೆ ಮುಂದೇನೇ."

"ಲೇ, ಅದಕ್ಕಿಂತ ಜೈಲೇ ವಾಸಿ ಕಣ್ಲಾ!" ಎಂದ ಅಪ್ಪಾಜಿ. ಕೊಟ್ಟಿಗೆ ಹಾರಿಹೋಗುವ ಹಾಗೆ ನಗು ಎದ್ದಿತು. ಮೇಷ್ಟ್ರೂ ನಕ್ಕುಬಿಟ್ಟರು.

ಸೀಳಿದ ತಿದಿಗೆ ಅಪ್ಪಾಜಿಯೇ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ. ಸಂಜೆಗೆ ಪೇಟಿ ನುಡಿಯಿತು. ರಾಜನ ಮೊದಲ ಹಾಡು ಎರಡನೇ ಸಾಲಿಗೇ ದಾರಿ ತಪ್ಪಿತು. ಮಜೀದ್ ತಬಲದಲ್ಲೇ ಅವನನ್ನು ಹಿಡಿದೆಳೆದು ದಡ ಸೇರಿಸಿದ. ಜನ "ಒನ್ಸ್ ಮೋರ್" ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಚಿಕ್ಕಬೋರಮ್ಮ.

ಮೊದಲ ಅಂಕ ಮುಗಿದಾಗ ನಜೀರ್ ಅಹ್ಮದ್ ಮಜೀದನ ಕೈ ಹಿಡಿದು ರಂಗದ ಮೇಲೆ ಕರೆತಂದರು. "ತಿದಿ ಕುಯ್ದೋನು ಇವನೇ ಅಂದೆ ನಾನು. ತಪ್ಪಾಯ್ತು. ಬರೋ ತಿಂಗಳು ಇವನಿಗೂ ನಮ್ಮ ನೂರುನ್ನೀಸಾಗೂ ಮದುವೆ. ಊರೆಲ್ಲ ಬರಬೇಕು," ಎಂದರು.

ಹೆಂಗಸರ ಕಡೆಯಿಂದ ಯಾರೋ ಕಿಲಕಿಲ ನಕ್ಕರು. ಪೇಟಿ ಮತ್ತೆ ಶುರುವಾಯಿತು.