ನಲವತ್ತು ಸೆಕೆಂಡಿನ ಹೊದಿಕೆ

ಮಗಳು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಔಷಧಿ ಅಂಗಡಿಯವನು ಮನೆಯ ಹಿತ್ತಲಲ್ಲಿ ಈಜುಕೊಳ ಹಾಕಿಸಲು ತೀರ್ಮಾನಿಸಿದ. ಅಂಗಡಿಗೆ ಬರುವವರು ಸುದ್ದಿ ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀರಿಗೆ ಮಗುವನ್ನು ಕೊಟ್ಟವನು ನೀರನ್ನೇ ಮನೆಗೆ ತರಿಸಿಕೊಳ್ಳುವುದೆಂದರೇನು? ಪಾಪ, ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಹಾಗೆ ಅಂದುಕೊಳ್ಳಲಿ ಎಂಬುದೂ ಅವನ ಯೋಜನೆಯೊಳಗೇ ಇತ್ತು.

ಒಂಬತ್ತು ವರ್ಷದವಳು. ಕ್ಲಬ್ಬಿನ ಕೊಳದಲ್ಲಿ, ಹನ್ನೆರಡು ಮಕ್ಕಳ ನಡುವೆ, ಹಾಡುಹಗಲಲ್ಲಿ ಮುಳುಗಿದ್ದಳು. ಈಜು ಕಲಿಸುತ್ತಿದ್ದ ಕೋಚ್ ಆಗ ಆಚೆ ದಡದಲ್ಲಿ ಇನ್ನೊಂದು ಮಗುವಿನ ಟೋಪಿ ಸರಿಮಾಡುತ್ತಿದ್ದನಂತೆ. ವಿಚಾರಣೆ ನಡೆಸಿದವರು 'ಆಕಸ್ಮಿಕ' ಎಂದು ಬರೆದು ಕಡತ ಮುಚ್ಚಿದರು. ಕೋಚ್ ಕೆಲಸ ಬಿಟ್ಟು ಸಾಮಾನು ಸಾಗಿಸುವ ವ್ಯಾನ್ ಓಡಿಸತೊಡಗಿದ. ಅವನಿಗಾದ ಶಿಕ್ಷೆ ಅಷ್ಟೇ. ಒಂದು ದಿನ ಆ ವ್ಯಾನ್ ಅಂಗಡಿಯ ಎದುರಿಗೇ ಬಂದು ನಿಂತು, ಯಾರೂ ಇಳಿಯದೆ, ಹಾಗೇ ಮುಂದಕ್ಕೆ ಹೋಯಿತು. ಗಾಜಿನ ಹಿಂದೆ ಕಂಡ ಮುಖಕ್ಕೆ ನೀಟಾಗಿ ಕ್ಷೌರವಾಗಿತ್ತು. ಇವನು ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಳ್ಳುತ್ತಾನಲ್ಲ ಎನ್ನುವುದು ಔಷಧಿ ಅಂಗಡಿಯವನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು.

ಅವನ ಕೈಯಳತೆಯಲ್ಲಿ ವಿಷಕ್ಕೇನೂ ಬರವಿರಲಿಲ್ಲ. ಆದರೆ ಔಷಧಿ ಮಾರುವವನ ಶತ್ರು ವಿಷದಿಂದ ಸತ್ತರೆ ಪೊಲೀಸರು ಎರಡನೇ ಬಾಗಿಲು ತಟ್ಟುವ ಅಗತ್ಯವೇ ಬೀಳುವುದಿಲ್ಲ. ಅದೂ ಅಲ್ಲದೆ ಅವನಿಗೆ ನೀರೇ ಬೇಕಾಗಿತ್ತು. ಆ ಪದವೇ ಬೇಕಾಗಿತ್ತು, ಇನ್ನೊಂದು ಕಡತದಲ್ಲಿ, ಇನ್ನೊಬ್ಬನ ಹೆಸರಿನ ಮುಂದೆ: ಆಕಸ್ಮಿಕ.

ಮಗಳ ಹೆಸರಿನಲ್ಲಿ ತೆಗೆದಿಟ್ಟಿದ್ದ ನಿವೇಶನ ಮಾರಿ ಅವನು ಈಜುಕೊಳಗಳನ್ನು ಮಾರುವ ಜಾಗಕ್ಕೆ ಹೋದ. ಊರಾಚೆಯ ಬಯಲಿನಲ್ಲಿ ಫೈಬರ್‌ಗ್ಲಾಸ್ ತೊಟ್ಟಿಗಳನ್ನು ಕಬ್ಬಿಣದ ಆಸರೆಗಳಿಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದ್ದರು. ನೀಲಿ, ಬೂದಿ, ತಿಳಿಹಸಿರು. ಪ್ರತಿಯೊಂದರ ಹೊಟ್ಟೆಯೊಳಗೂ ಮೆಟ್ಟಿಲುಗಳು ಅಡ್ಡಡ್ಡ ನಿಂತಿದ್ದವು. ಮಾರುವ ಹೆಂಗಸು ಬಿಸಿಲಿಗೆ ಕೈ ಅಡ್ಡ ಹಿಡಿದು ವಿವರಿಸಿದಳು. ಕಾಂಕ್ರೀಟಿನದಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಪಾಚಿ ಉಜ್ಜಿ ಉಜ್ಜಿ ಕೈ ಸೋಲುತ್ತದೆ. ಇದು ಒಂದೇ ಅಚ್ಚಿನಲ್ಲಿ ಎರೆದದ್ದು, ಅಂಗೈಯಷ್ಟು ನುಣುಪು, ಗುಂಡಿ ತೋಡಿದರೆ ವಾರದೊಳಗೆ ಈಜಬಹುದು. ಅವಳು ಮೊದಲು ಗೋಡಂಬಿ ಆಕಾರದ್ದನ್ನು ತೋರಿಸಿದಳು. ಅವನು ತಲೆಯಾಡಿಸಿ, ಉದ್ದನೆಯ ಆಯತಾಕಾರದ್ದರ ಮುಂದೆ ನಿಂತ.

"ಮನೇಲಿ ಮಕ್ಕಳಿದಾರಾ ಸರ್?"

"ಒಬ್ಬಳು," ಎಂದ. ಮಾತು ತಾನಾಗೇ ಬಾಯಿಗೆ ಬಂದಿತ್ತು.

"ಎಷ್ಟು ವರ್ಷ?"

"ಒಂಬತ್ತು."

"ಹಾಗಿದ್ರೆ ಹೊದಿಕೆ ಬೇಕೇ ಬೇಕು ಸರ್. ಕೀಲಿ ತಿರುಗಿಸಿದ್ರೆ ನಲವತ್ತು ಸೆಕೆಂಡಲ್ಲಿ ಕೊಳ ಪೂರ್ತಿ ಮುಚ್ಚಿಹೋಗುತ್ತೆ. ಎರಡೂ ಬದಿ ಹಳಿ ಹಿಡ್ಕೊಂಡಿರುತ್ತೆ, ಮೇಲೆ ಹತ್ತು ಜನ ನಿಂತ್ರೂ ಜಗ್ಗಲ್ಲ. ಒಂದು ಬೆಕ್ಕಿನ ಮರಿ ಕೂಡ ಒಳಗೆ ಬೀಳಲ್ಲ."

ಹೊರಗಿನಿಂದ ಒಳಗೆ ಹೋಗಲಾಗದ್ದರೊಳಗಿಂದ ಹೊರಗೂ ಬರಲಾಗದು. ಅವನು ಮುಂಗಡ ಕೊಟ್ಟು ಸಹಿ ಹಾಕಿದ.

ಹೆಂಡತಿ ಒಂದೇ ಮಾತು ಕೇಳಿದಳು. "ಯಾರಿಗೆ?"

"ನಮಗೆ," ಎಂದ.

ಹದಿನಾಲ್ಕು ತಿಂಗಳಿಂದ ಆ ಮನೆಯಲ್ಲಿ ಎರಡನೇ ಪ್ರಶ್ನೆ ಕೇಳುವ ರೂಢಿಯೇ ತಪ್ಪಿಹೋಗಿತ್ತು.

ಹಿತ್ತಲಿನ ಗೋಡೆಯ ಒಂದು ಭಾಗ ಕೆಡವಿ ಮಣ್ಣು ತೆಗೆಯುವ ಯಂತ್ರ ಬಂತು. ಮೂರು ದಿನದಲ್ಲಿ ಗುಂಡಿಯಾಯಿತು. ಮೇಸ್ತ್ರಿ ತಳಕ್ಕೆ ಜಲ್ಲಿ ಹಾಸಿ, ಮಟ್ಟದ ಹಲಗೆ ಇಟ್ಟು, ಮಂಡಿಯೂರಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ನಾಲ್ಕನೇ ದಿನ ಕ್ರೇನ್ ಆ ನೀಲಿ ತೊಟ್ಟಿಯನ್ನು ಮನೆಯ ಮಾಡಿನ ಮೇಲಿಂದ ಎತ್ತಿ ತಂದಾಗ ಅದರ ನೆರಳು ಅಡುಗೆಮನೆ, ನಡುಮನೆ, ಬೀಗ ಹಾಕಿದ ಮಗಳ ಕೋಣೆ ಎಲ್ಲವನ್ನೂ ಒಂದೊಂದಾಗಿ ದಾಟಿತು. ಒಳಗೆ ನೀರು ತುಂಬಿದಷ್ಟೇ ಎತ್ತರಕ್ಕೆ ಹೊರಗೆ ಜಲ್ಲಿ ತುಂಬುತ್ತ ಬರಬೇಕು, ಇಲ್ಲದಿದ್ದರೆ ಗೋಡೆ ಉಬ್ಬುತ್ತದೆ ಎಂದು ಮೇಸ್ತ್ರಿ ಹೇಳಿದ. ಔಷಧಿ ಅಂಗಡಿಯವನು ಅದನ್ನೆಲ್ಲ ಬರೆದುಕೊಂಡ. ಆಳದ ತುದಿ ಆರೂವರೆ ಅಡಿ. ಹೊದಿಕೆ ಸುತ್ತಿಕೊಂಡಿರುವ ಉರುಳೆ ಇರುವುದು ಅದೇ ತುದಿಯಲ್ಲಿ. ಅಂದರೆ ಮೊದಲು ಮುಚ್ಚುವುದು ಆಳದ ಭಾಗ. ಕೀಲಿಯ ಪೆಟ್ಟಿಗೆ ಗೋಡೆಯ ಮೇಲೆ, ಹಿತ್ತಲ ಬಾಗಿಲಿನ ಪಕ್ಕದಲ್ಲೇ.

ಕೆಲಸ ಮುಗಿದ ಸಂಜೆ ಹೆಂಡತಿ ಮೊದಲನೇ ಮೆಟ್ಟಿಲಿಗೆ ಕಾಲು ಇಳಿಬಿಟ್ಟು ಕೂತಿದ್ದಳು.

"ಅವಳಿದ್ದಿದ್ರೆ ಇಲ್ಲೇ ಕೂತಿರೋಳು," ಎಂದಳು. "ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ." ಕಾಲಿಂದ ನೀರು ಕಲಕುತ್ತ, "ಒಳ್ಳೇ ಕೆಲಸ ಮಾಡಿದ್ರಿ ಕಣ್ರೀ. ನಂಗೆ ಮೊದಲು ಅರ್ಥ ಆಗ್ಲಿಲ್ಲ."

ಅವನು ಒಳಗೆ ಹೋಗಿ ಮುಖ ತೊಳೆದುಕೊಂಡ.

ಮುಂದಿನ ಎರಡು ವಾರ ತಯಾರಿಯಲ್ಲಿ ಕಳೆಯಿತು. ಹೆಂಡತಿ ಪ್ರತಿ ಶನಿವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋಗುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಪಕ್ಕದ ಮನೆಯವರು ಊರಲ್ಲಿರುವುದಿಲ್ಲ. ಹೊದಿಕೆಯನ್ನು ಹನ್ನೊಂದು ಸಲ ಮುಚ್ಚಿ ತೆರೆದು ಗಡಿಯಾರ ನೋಡಿದ. ಒಂದು ಸಲ ನಲವತ್ತೊಂದು ಸೆಕೆಂಡು, ಉಳಿದ ಹತ್ತು ಸಲವೂ ನಲವತ್ತು. ಆಮೇಲೆ ಪೊಲೀಸರಿಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ಅಂಗಡಿಗೆ ನಡೆಯುವ ದಾರಿಯಲ್ಲಿ ಬಾಯಿಪಾಠ ಮಾಡಿದ. ಹೋದರು ಅಂದುಕೊಂಡೆ. ಕೀಲಿ ತಿರುಗಿಸಿ ಒಳಗೆ ಬಂದೆ. ಅಪ್ಪಂದಿರ ಮೇಲೆ ಯಾರೂ ಸಂಶಯ ಪಡುವುದಿಲ್ಲ. ಮಗಳನ್ನು ಕಳೆದುಕೊಂಡವನು ಎಲ್ಲ ಕ್ಷಮಿಸಿ ಕೋಚನ್ನೇ ಮನೆಗೆ ಕರೆದಿದ್ದ ಎಂದು ಜನ ಕಣ್ಣೊರೆಸಿಕೊಳ್ಳುತ್ತಾರೆ.

ಅವನು ಕೋಚ್‌ಗೆ ಫೋನ್ ಮಾಡಿದ.

"ನನ್ನ ಹೆಂಡತಿ ಈಜು ಕಲೀಬೇಕು ಅಂತಿದಾಳೆ," ಎಂದ ಇವನು. "ನೀವೇ ಕಲಿಸ್ಬೇಕು."

"ಬರ್ತೀನಿ ಸರ್," ಎಂದಿತು ಆಚೆಯ ದನಿ.

ಶನಿವಾರ ಮೂರು ಗಂಟೆಗೆ ಬಂದ. ಹೆಗಲಲ್ಲೊಂದು ಚೀಲ, ಅದೇ ನೀಟಾದ ಕ್ಷೌರ. ಹತ್ತಿರದಿಂದ ನೋಡಿದರೆ ಗಲ್ಲದ ಮೇಲೆ ಮೂರು ಕಡೆ ಬ್ಲೇಡಿನ ಗಾಯ. ಕೈ ನಡುಗುವವನು ಮಾಡಿಕೊಂಡ ಕ್ಷೌರ ಅದು. ಅವನು ನೀರಿನಿಂದ ದೂರ, ಗೋಡೆಗೆ ಅಂಟಿಕೊಂಡೇ ನಿಂತ.

"ಅಮ್ಮ ಅವರು?"

"ಬರ್ತಾಳೆ. ಅದಕ್ಕೆ ಮೊದಲು ಒಂದು ಕೆಲಸ ಇದೆ. ತಳದಲ್ಲಿ ನೀರು ಹೊರಹೋಗೋ ಜಾಲರಿ ಗಟ್ಟಿಯಾಗಿ ಕೂತಿದೆಯಾ ನೋಡ್ಬೇಕು. ನನಗೆ ಮುಳುಗೋಕೆ ಬರಲ್ಲ."

ಕೋಚ್ ನೀರನ್ನೇ ನೋಡುತ್ತಿದ್ದ. "ಆವತ್ತಿಂದ ನಾನು ನೀರಿಗೆ ಇಳಿದಿಲ್ಲ ಸರ್. ಆಗಲ್ಲ ಅನ್ನೋಣ ಅಂತಾನೇ ಬಂದೆ. ಆದ್ರೆ ನಿಮಗೆ ಇಲ್ಲ ಅನ್ನೋಕೆ ನನಗೆ ಮುಖ ಇಲ್ಲ." ಚೀಲ ಕೆಳಗಿಟ್ಟು ಅಂಗಿಯ ಗುಂಡಿ ಬಿಚ್ಚತೊಡಗಿದ. "ತಪ್ಪು ನಂದೇ. ಕಣ್ಣು ತೆಗೀಬಾರದಿತ್ತು, ತೆಗೆದೆ. ಆ ಕಡೆ ತಿರುಗೋ ಮುಂಚೆ ಒಂದ್ಸಲ ಅಪ್ಪ ಅಮ್ಮಂದಿರು ಕೂರೋ ಗ್ಯಾಲರಿ ಕಡೆ ಕಣ್ಣು ಹಾಯಿಸಿದ್ದೆ, ನೀವಿದೀರಲ್ಲ, ನೋಡ್ತಿರ್ತೀರಿ ಅಂತ."

ಔಷಧಿ ಅಂಗಡಿಯವನು ಕೀಲಿಯ ಪೆಟ್ಟಿಗೆಯ ಕಡೆಯಿಂದ ಇತ್ತ ತಿರುಗಿದ.

"ಆಮೇಲೆ ನೋಡಿದ್ರೆ ನೀವು ಅಲ್ಲಿ ಇರ್ಲಿಲ್ಲ," ಎಂದ ಕೋಚ್. ದನಿಯಲ್ಲಿ ದೂರಿರಲಿಲ್ಲ. "ವಿಚಾರಣೇಲಿ ಕೇಳಿದ್ರು, ಅಪ್ಪ ಎಲ್ಲಿದ್ರು ಅಂತ. ಅಲ್ಲೇ ಕೂತಿದ್ರು ಅಂದೆ. ನಿಮಗೆ ಆಗಿದ್ದೇ ಸಾಕಾಗಿತ್ತು."

ಅದು ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಹೆಂಡತಿಗೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಅವನು ಕ್ಲಬ್ಬಿನ ಹೊರಗೆ ಮರದ ಕೆಳಗೆ ನಿಂತು, ಕೆಮ್ಮಿನ ಔಷಧಿಯ ಪೆಟ್ಟಿಗೆ ಇನ್ನೂ ಬಂದಿಲ್ಲವೆಂದು ಸಗಟು ವ್ಯಾಪಾರಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದ. ಜಗಳದಲ್ಲಿ ಗೆದ್ದಿದ್ದ ಕೂಡ. ನಗುತ್ತಲೇ ಒಳಗೆ ಬಂದಿದ್ದ.

ಇಲ್ಲಿಗೇ ಬಿಟ್ಟುಬಿಡಬಹುದಿತ್ತು. ಒಂದು ಉಸಿರಿನಷ್ಟು ಹೊತ್ತು ಹಾಗನ್ನಿಸಿತು. ಆದರೆ ತನ್ನ ಗುಟ್ಟನ್ನು ಮುಚ್ಚಿಟ್ಟು ಕಾಪಾಡಿದವನ ಮುಖ ನೋಡುವುದು ತಪ್ಪಿತಸ್ಥನ ಮುಖ ನೋಡುವುದಕ್ಕಿಂತ ಕಷ್ಟವಾಗಿತ್ತು.

"ಇಳೀರಿ," ಎಂದ.

ಕೋಚ್ ಕಣ್ಣು ಮುಚ್ಚಿಕೊಂಡು ಮೆಟ್ಟಿಲಿಳಿದ. ಸೊಂಟದವರೆಗೆ ನೀರು ಬಂದಾಗ ಅಳುವಂಥ ಸದ್ದು ಮಾಡಿದ. ಆಮೇಲೆ ಮೈ ತನ್ನ ಹಳೆಯ ವಿದ್ಯೆಯನ್ನು ನೆನಪು ಮಾಡಿಕೊಂಡಿತು. ನಾಲ್ಕು ಕೈ ಬೀಸಿ ಆಳದ ತುದಿ ಸೇರಿ, ಉಸಿರು ತುಂಬಿಕೊಂಡು ಮುಳುಗಿದ. ನೀಲಿ ತಳದಲ್ಲಿ ಜಾಲರಿಯ ಮೇಲೆ ಬಾಗಿದ ಬೆನ್ನು ಕಂಡಿತು.

ಅವನು ಕೀಲಿ ತಿರುಗಿಸಿದ. ಉರುಳೆ ಗುರ್ ಎಂದಿತು. ಬೂದು ಹೊದಿಕೆ ಆ ಬೆನ್ನಿನ ಮೇಲೆ ನೆರಳಿನಂತೆ ಸರಿಯಿತು. ಇಷ್ಟು ದಿನ ಮನಸ್ಸಿನಲ್ಲಿ ನೂರು ಸಲ ನೋಡಿದ ದೃಶ್ಯ. ಆದರೆ ಈಗ ಹೊದಿಕೆಯ ಕೆಳಗೆ ಕಪ್ಪಾಗುತ್ತಿದ್ದ ನೀರಿನಲ್ಲಿ ಅವನಿಗೆ ಕಂಡದ್ದು ದೊಡ್ಡವರ ಬೆನ್ನಲ್ಲ. ಕೀಲಿಯ ಮೇಲಿನ ಕೈ ಬಿಟ್ಟ. ಮುಖ ತಿರುಗಿಸಿ ಒಳಗೆ ನಡೆದ. ಮಗಳ ಕೋಣೆಯ ಬೀಗ ತೆಗೆದು, ಮಂಚದ ತುದಿಯಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಂಡು ಹತ್ತು ನಿಮಿಷ ಎಣಿಸಿದ. ಮತ್ತೆ ಹೊರಗೆ ಹೋಗಿ ಹೊದಿಕೆ ತೆರೆದು ನೋಡಬೇಕೆಂದು ಯೋಜನೆಯಲ್ಲಿತ್ತು; ಅವನು ಹೋಗಲಿಲ್ಲ. ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿ, ಬಾಯಿಪಾಠ ಒಪ್ಪಿಸಿದ. "ಹೋದ್ರು ಅಂದ್ಕೊಂಡು ಮುಚ್ಚಿದೆ ಸರ್. ಈಗ ತೆಗೆದು ನೋಡಿದ್ರೆ ಒಳಗಿದಾರೆ. ನಾನೇ ಮೇಲಕ್ಕೆ ಎಳೆದೆ. ಉಸಿರಿಲ್ಲ, ಸತ್ತುಹೋಗಿದಾರೆ." ವಿಳಾಸ ಹೇಳಿ ತಲೆಯೆತ್ತಿದಾಗ ಕೋಣೆಯ ಬಾಗಿಲಲ್ಲಿ, ನೆಲದ ಮೇಲೆ ತೊಟತೊಟ ನೀರು ಸುರಿಸುತ್ತ, ಕೋಚ್ ನಿಂತಿದ್ದ.

ಬಂದು ಎಷ್ಟು ಹೊತ್ತಾಗಿತ್ತೋ, ಏನೇನು ಕೇಳಿಸಿಕೊಂಡನೋ. "ಜಾಲರಿ ಗಟ್ಟಿಯಾಗಿದೆ ಸರ್," ಎಂದ ಮೆಲ್ಲಗೆ. "ಮೇಲೆ ಬಂದ್ರೆ ಕತ್ತಲೆ. ಈ ಕಡೆ ಬೆಳಕಿತ್ತು, ಬಂದೆ. ದಡದಲ್ಲಿ ಕೂತು ಸುಧಾರಿಸ್ಕೊಂಡೆ. ಹೊದಿಕೆ ಅರ್ಧಕ್ಕೇ ನಿಂತುಬಿಟ್ಟಿದೆ." ಫೋನಿನೊಳಗಿನ ದನಿ, ಯಾರು ಮಾತಾಡ್ತಿರೋದು, ಯಾರದು ಇನ್ನೊಬ್ಬರು ಎಂದು ಕೇಳುತ್ತಲೇ ಇತ್ತು. ಪರೀಕ್ಷೆ ಮಾಡಿದ ಹನ್ನೊಂದು ಸಲವೂ ಅವನು ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದು, ಕೊನೆಯವರೆಗೆ ಕೀಲಿ ಬಿಡದೆ ನಿಂತಿದ್ದ. ಈಜುಕೊಳದ ಜೊತೆ ಬಂದ ಕೈಪಿಡಿಯನ್ನು ಅವನು ಗೆರೆ ಎಳೆದು ಎಳೆದು ಓದಿದ್ದ, ಒಂದು ಪುಟ ಬಿಟ್ಟು. ಅದರ ತಲೆಬರಹ 'ಮಕ್ಕಳಿರುವ ಮನೆಗಳಿಗೆ' ಎಂದಿತ್ತು; ಅದನ್ನು ಓದಲಾರದೆ ಮಗುಚಿದ್ದ. ಆ ಪುಟದಲ್ಲಿದ್ದದ್ದು ಎರಡೇ ಸಾಲು. ಕೀಲಿಯನ್ನು ಹಿಡಿದಿರುವವರೆಗೆ ಮಾತ್ರ ಹೊದಿಕೆ ಚಲಿಸುತ್ತದೆ, ಕೈ ಬಿಟ್ಟ ಕೂಡಲೇ ನಿಲ್ಲುತ್ತದೆ. ಮುಚ್ಚುವವರು ನೀರಿನ ಕಡೆಯಿಂದ ಮುಖ ತಿರುಗಿಸದಿರಲಿ ಎಂದು ಹೀಗೆ ಮಾಡಲಾಗಿದೆ.