ಹೇಳಲು ನಾಚಿದ್ದು

"ಯಾರವಳು?"

ಕನ್ನಡಕದಂಗಡಿಯ ಹುಡುಗಿ ಕೊನೆಗೂ ಕೇಳಿಯೇಬಿಟ್ಟಳು. ಒಂದು ವಾರದಿಂದ ನುಂಗಿಕೊಂಡಿದ್ದ ಪ್ರಶ್ನೆ. ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಅವಳ ಈಜುಗಾರ, ಮಕ್ಕಳಿಗೆ ಈಜು ಕಲಿಸುವವನು, ಸಿಕ್ಕಿಬಿದ್ದ ಕಳ್ಳನ ಹಾಗೆ ಎದುರಿಗೆ ನಿಂತಿದ್ದ.

"ಯಾವಳು?"

"ಹಸಿರು ಸ್ಕಾರ್ಫಿನವಳು. ನಿನ್ನ ಕೈ ಹಿಡ್ಕೊಂಡು ಕಾರು ಹತ್ತಿಸಿದಳಲ್ಲ! ನನ್ನ ಕಣ್ಣು ಚೆನ್ನಾಗೇ ಇದೆ ಮೇಷ್ಟ್ರೇ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಮೊದಲ ಸಲ ಕಣ್ಣು ತೋರಿಸಲು ಬಂದಾಗ ಗೋಡೆಯ ಅಕ್ಷರ ಬಿಟ್ಟು ಅವಳ ಕೆನ್ನೆಯನ್ನೇ ಓದುತ್ತ ಕೂತವನು. ಇವತ್ತು ನೆಲದಿಂದ ಕಣ್ಣೆತ್ತಲಿಲ್ಲ.

"ಇನ್ಮೇಲೆ ನಾನು ಬರಲ್ಲ," ಎಂದ. "ನಿನಗೆ ಒಳ್ಳೆಯವನು ಸಿಗ್ತಾನೆ, ಬಿಡು."

ಅವಳು ಅವನ ದಾರಿಗೆ ಅಡ್ಡ ಬಂದಳು. "ಕಾರಣ ಹೇಳಿ ಹೋಗು."

ಅಷ್ಟರಲ್ಲಿ ಶಟರಿನ ಕೆಳಗಿಂದ ಬಗ್ಗಿಕೊಂಡು ಹಸಿರು ಸ್ಕಾರ್ಫು ಒಳಗೆ ಬಂತು.

"ನಾನು ಇವನ ಅಕ್ಕ ಕಣಮ್ಮ. ಇವನು ಬಾಯಿ ಬಿಡೋನಲ್ಲ, ನಾನೇ ಹೇಳ್ತೀನಿ."

"ಅಕ್ಕಾ, ಬೇಡ!" ಅವನ ಕಿವಿಯೆಲ್ಲ ಕೆಂಪಾಯಿತು.

"ನೀನು ಸುಮ್ನಿರು. ನಮ್ಮಪ್ಪ ದೊಡ್ಡ ಕರುಳಿನ ಕ್ಯಾನ್ಸರಲ್ಲಿ ಹೋದ್ರು. ಕೊನೇವರೆಗೂ ಮೂಲವ್ಯಾಧಿ ಅಂದ್ಕೊಂಡೇ ಇದ್ರು. ಈಗ ಇವನಿಗೂ ಮಲದಲ್ಲಿ ರಕ್ತ ಹೋಗ್ತಿದೆ. ಕ್ಯಾಮೆರಾ ಬಿಟ್ಟು ಕರುಳು ನೋಡ್ಬೇಕು ಅಂದ್ರು ಡಾಕ್ಟ್ರು. ಹೋದ ವಾರ ನಾನೇ ಕಾರಲ್ಲಿ ಕರ್ಕೊಂಡು ಹೋದೆ, ಆಸ್ಪತ್ರೇಲಿ ಆ ಹಿಂದೆ ತೆರೆದಿರೋ ಗೌನು ಕೊಟ್ಟಿದ್ದೇ ತಡ, ಓಡಿಬಂದ."

ಹುಡುಗಿಗೆ ಮೊದಲು ಭಯವಾಯಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

"ಇನ್ನೊಬ್ಬಳಿದ್ದಾಳೆ ಅಂತ ನಾನು ಅಂದ್ಕೊಂಡ್ರೂ ಪರವಾಗಿಲ್ಲ, ಇದು ಮಾತ್ರ ಗೊತ್ತಾಗಬಾರದಾ?"

"ನಿನ್ನ ಹತ್ರ ಹೇಗೆ ಹೇಳ್ಲಿ? ಎಂಥಾ ಜಾಗ ಅದು..."

"ಎಲ್ಲರಿಗೂ ಇರೋ ಜಾಗಾನೇ!"

ಅಕ್ಕ ಸ್ಕಾರ್ಫಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಪರೀಕ್ಷೆಗೆ ಮತ್ತೆ ದಿನ ಗೊತ್ತಾಯಿತು. ಹಿಂದಿನ ಸಂಜೆ ಹುಡುಗಿ ಅವನ ಮನೆಗೇ ಬಂದಳು. ಕರುಳು ಖಾಲಿ ಮಾಡಿಸುವ ಔಷಧಿಯ ನೀರನ್ನು ಲೋಟದ ಮೇಲೆ ಲೋಟ ಕುಡಿಸಿದಳು. ಅವನು ಮುಖ ಹಿಂಡಿಕೊಂಡು ಕುಡಿದ, ಓಡಿದ, ಬಂದ, ಮತ್ತೆ ಓಡಿದ. ಅವಳು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ರೇಡಿಯೋ ಜೋರು ಮಾಡಿದಳು.

"ಕೇಳಿಸ್ತಿದೆಯಾ?" ಒಳಗಿಂದ ದೀನ ದನಿ.

"ಹಾಡು ಬಿಟ್ರೆ ಏನೂ ಇಲ್ಲಪ್ಪ!" ಸುಳ್ಳು ಹೇಳಿದಳು.

ಬೆಳಗ್ಗೆ ಆಸ್ಪತ್ರೆಯಲ್ಲಿ ಮಂಚವನ್ನು ಒಳಗೆ ತಳ್ಳುವ ಮೊದಲು ಅವನು ಅವಳ ಕುರ್ತಾದ ತೋಳಿನ ಅಂಚು ಹಿಡಿದುಕೊಂಡ. ನೀರಿನಾಳಕ್ಕೆ ಹೆದರದವನ ಬೆರಳು ಮಂಜುಗಡ್ಡೆಯಾಗಿತ್ತು. "ಹೋಗ್ಬಿಡಬೇಡ."

"ಎಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ."

ಬಾಗಿಲು ತೆರೆದಾಗಲೆಲ್ಲ ಅವಳು ಎದ್ದು ನಿಂತಳು. ಪ್ರತಿ ಸಲವೂ ಬೇರೆ ಯಾರೋ. ಕಡೆಗೆ ಡಾಕ್ಟರು ಬಂದರು. ಕರುಳಿನಲ್ಲಿ ಎರಡು ಗಂಟುಗಳಿದ್ದವು, ತೆಗೆದಿದ್ದೇವೆ ಎಂದರು. ಒಂದರ ಲಕ್ಷಣ ಅವರಿಗೆ ಅಷ್ಟು ಹಿಡಿಸಿರಲಿಲ್ಲ. ಅದನ್ನು ಲ್ಯಾಬಿಗೆ ಕಳಿಸಿದ್ದರು.

ಆಮೇಲಿನ ದಿನಗಳು ಮುಂದೆ ಹೋಗಲೇ ಒಲ್ಲೆವೆಂದವು. ಅವನು ಸಂಜೆ ಬಂದು ಅಂಗಡಿಯ ಮೂಲೆಯಲ್ಲಿ ಕೂರುತ್ತಿದ್ದ. ಅವಳು ಬಿಗಿಯಾದ ಸ್ಕ್ರೂವನ್ನೇ ಮತ್ತೆ ಬಿಗಿ ಮಾಡುತ್ತಿದ್ದಳು. ಕಣ್ಣು ಕೂಡಿದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

ರಿಪೋರ್ಟ್ ಬಂದ ದಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಒಂದು ಗಂಟಿನಲ್ಲಿ ಕ್ಯಾನ್ಸರ್ ಆಗಲೇ ಶುರುವಾಗಿತ್ತು. ಆದರೆ ಗಂಟಿನ ಬುಡಕ್ಕೆ ಇಳಿದಿರಲಿಲ್ಲ, ಪೂರ್ತಿ ತೆಗೆದಾಗಿದೆ. ಇನ್ನೂ ತಡ ಮಾಡಿದ್ದಿದ್ದರೆ ಮಾತೇ ಬೇರೆ ಇರ್ತಿತ್ತು. ಆರು ತಿಂಗಳಿಗೆ ಮತ್ತೆ ಬನ್ನಿ, ನೋಡೋಣ."

ಹೊರಗೆ ಬಂದ ಮೇಲೆ ಅವನು ಗೋಡೆಗೆ ಒರಗಿದ. ಅವಳೂ ಪಕ್ಕದಲ್ಲಿ ಒರಗಿದಳು.

"ಮತ್ತೆ ಬಂದ್ರೂ ಬರಬಹುದು," ಎಂದ. "ಇಂಥವನನ್ನ ಮದುವೆ ಆಗ್ತೀಯಾ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಈ ಮುಖಾನೇ ಇಟ್ಕೊಂಡು ಕೇಳು. ಬೇರೆ ಎಲ್ಲಿದೆ ನಿನಗೆ?"

ಅವನು ಕೇಳಿದ.

ಅವಳು "ಹ್ಞೂಂ" ಎಂದಳು. ಅವನಿಗೆ ನಂಬಿಕೆ ಬರಲಿಲ್ಲವೆಂದು ಇನ್ನೊಂದು ಸಲ ಎಂದಳು. ಭಯವೇನೂ ಹೋಗಿರಲಿಲ್ಲ. ಅವಳ ಕೈ ಬೆರಳು ನೋಯುವಷ್ಟು ಗಟ್ಟಿಯಾಗಿ ಅವನು ಹಿಡಿದುಕೊಂಡಿದ್ದ. ಬಿಡಿಸಿಕೊಳ್ಳದೆಯೇ ಅವಳು ಅವನನ್ನು ಕೆಳಗೆ ಕಾಯುತ್ತಿದ್ದ ಅಕ್ಕನ ಬಳಿಗೆ ಕರೆದುಕೊಂಡು ಹೋದಳು.