ನಾತಕ್ಕೆ ಕಳೆದ ಅಂಕ

ಹೋಬರ್ಟ್‌ನ ನನ್ನ ಮನೆಯಲ್ಲಿ ಕೂತು, ಕಡಲಡಿಯ ಹೆಸರಿಲ್ಲದ ದೇವರನ್ನು ಹುಡುಕುವ ಪತ್ತೇದಾರಿ ವಿಡಿಯೋ ಗೇಮ್ ಒಂದನ್ನು ವಿಮರ್ಶೆಗಾಗಿ ಆಡಿದೆ. ಕಥೆ ಚೆನ್ನಾಗಿತ್ತು; ಕೊಳೆತ ಪಾಚಿಯ ನಾತ ವಿಪರೀತವೆಂದು ಎರಡು ಅಂಕ ಕಳೆದೆ.

ಸಂಪಾದಕಿ ಬ್ರಾನ್ವಿನ್ ಫೋನಿನಲ್ಲಿ ನಕ್ಕಳು. "ಕುಡಿದು ಬರೆದ್ಯಾ ಮಾರಾಯಾ? ಗೇಮ್‌ಗೆ ಎಲ್ಲಿಂದ ಬರುತ್ತೋ ವಾಸನೆ?"

ನಾಚಿಕೆಯಾಗಿ ಆ ಸಾಲು ತೆಗೆಸಿದೆ.

ಬಿಡುಗಡೆಗೆ ಮುಂಚೆ ಯಾರೂ ವಿಮರ್ಶೆ ಪ್ರಕಟಿಸುವಂತಿಲ್ಲ. ಬಿಡುಗಡೆಯ ದಿನ ಮಧ್ಯಾಹ್ನ ಎಲ್ಲರವೂ ಒಟ್ಟಿಗೆ ಬಂದವು. ಒಬ್ಬರು ಹೊಗಳಿದ ಕಥೆಯನ್ನು ಇನ್ನೊಬ್ಬರು ತೆಗಳಿದ್ದರು. ನಾತದ ದೂರು ಮಾತ್ರ, ನನ್ನದೊಂದನ್ನು ಬಿಟ್ಟು, ಎಲ್ಲರದ್ದರಲ್ಲೂ ಇತ್ತು.

ಬ್ರಾನ್ವಿನ್ ಮತ್ತೆ ಫೋನ್ ಮಾಡಿದಳು. ಈ ಸಲ ನಗಲಿಲ್ಲ. "ಗೇಮ್ ಮಾಡಿದೋರು ಉತ್ತರ ಕೊಟ್ಟಿದಾರೆ ಕಣೋ. ವಾಸನೆ ತೆಗೆದುಹಾಕಿದೀವಿ ಅಂತಾರೆ."

ಅಂದಿನಿಂದ ಮನೆಯಲ್ಲಿ ಆ ನಾತವಿಲ್ಲ. ಕಾಫಿಯ ಘಮವೂ ಇಲ್ಲ, ಮಗಳ ನೆತ್ತಿಯ ವಾಸನೆಯೂ ಇಲ್ಲ.